ಏಳಲೊಲ್ಲದ ಕಂಪ್ಯೂಟರು

ಮಲಪ್ರಭೆಯ ದಂಡೆಯ ಆ ಮಠದಲ್ಲಿ ಆದಿತ್ಯವಾರ ಔಷಧಿ ಕೊಡುವ ದಿನ. ಅಂದೇ ಬೆಳಿಗ್ಗೆ ಮಠದ ಕಂಪ್ಯೂಟರು ಏಳಲಿಲ್ಲ.

ಒಂಬತ್ತು ವರ್ಷದ ರೋಗಿಗಳ ವಿವರವೆಲ್ಲ ಅದರಲ್ಲೇ ಇತ್ತು. ಮನೆಯವರಿಗೂ ಹೇಳದ್ದನ್ನು ಜನ ಗುರು ಮಡಿವಾಳಜ್ಜನವರಿಗೆ ಹೇಳುತ್ತಿದ್ದರು. ಅದಕ್ಕೇ ಶಿಷ್ಯ ಶಾಂತವೀರ ಡಿಸ್ಕಿಗೆ ಬೀಗ ಹಾಕಿದ್ದ. ಗುಟ್ಟಿನ ಪದ ಬರೆಯದೆ ಅದು ತೆರೆಯುವುದಿಲ್ಲ. ಇನ್ನೊಂದು ಪ್ರತಿ ಮಾಡಿಡುವಷ್ಟು ಬುದ್ಧಿ ಮಾತ್ರ ಅವನಿಗೆ ಬಂದಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ನಲವತ್ತು ಜನ. ಮುಂದೆಯೇ ಪಾರವ್ವ, ಹೊಟ್ಟೆ ಹಿಡಿದುಕೊಂಡು. ಅವಳಿಗೆ ಕೊಡುವ ಭಸ್ಮದ ತೂಕವನ್ನು ವಾರವಾರ ಏರಿಸಬೇಕು. ಹೋದ ವಾರದ ತೂಕ ತಿಳಿಯದೆ ಕೊಟ್ಟರೆ ಮದ್ದೇ ವಿಷ.

ಮೂರು ತಾಸಾಯಿತು. ಶಾಂತವೀರ ಐದು ಸಲ ಆರಿಸಿ ಹಚ್ಚಿದ್ದ. ಕೊನೆಗೆ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ, ಕಂಪ್ಯೂಟರು ನಡೆಸುವ ಲಿನಕ್ಸನ್ನೇ ಹೊಸದಾಗಿ ಹಾಕಿಬಿಡು ಅಂತ. ಪೆನ್‌ಡ್ರೈವ್ ಚುಚ್ಚಿದ. ಡಿಸ್ಕ್ ಅಳಿಸಲೇ ಎಂದು ಪರದೆ ಕೇಳಿತು. ಅವನು ಹೌದು ಎನ್ನುವ ಗುಂಡಿಯ ಮೇಲೆ ಬೆರಳಿಟ್ಟ.

ಅಷ್ಟರಲ್ಲಿ ಅಜ್ಜನವರು ಒಳಗೆ ಬಂದರು.

"ಏನ್ ಮಾಡಾಕತ್ತೀಯೋ?"

"ಹೊಸಾದು ಹಾಕ್ತೀನ್ರಿ ಅಜ್ಜಾರ."

"ಹಳೇದು?"

"ಎಲ್ಲಾ ಅಳಿಸಿ ಹೋಗ್ತೈತ್ರಿ."

"ನೆಗಡಿ ಬಂತಂತ ಮೂಗ ಕೊಯ್ಕೊಳ್ಳಾಕ ಹೊಂಟಿ."

ಅಜ್ಜನವರು ಕೈಚಾಚಿ ಪೆನ್‌ಡ್ರೈವ್ ಕಿತ್ತರು. ಶಾಂತವೀರನಿಗೆ ಅಳುವೇ ಬಂತು.

"ಬ್ಯಾರೆ ದಾರಿ ಇಲ್ರಿ! ಗುಟ್ಟಿನ ಪದ ಕೇಳೋ ತನಕಾನೂ ಅದು ಬರವಲ್ದು. ನಡುವೇ ನಿಂತು ಬಿಡ್ತೈತಿ."

"ರೋಗಿ ಬಂದ್ರ ನಾ ಮೊದಲ ಏನ್ ಕೇಳ್ತೀನಿ?"

"ನಿನ್ನಿ ಏನ್ ತಿಂದಿದ್ದಿ, ಅಂತ್ರಿ."

"ಇದಕ್ಕ ನಿನ್ನಿ ಏನ್ ತಿನಿಸಿದಿ?"

ಶಾಂತವೀರ ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದ. ಪರದೆಯ ತುಂಬ ಮಡಿವಾಳಜ್ಜನವರ ಮುಖ ಮೂಡಿತು. ಹಣೆಯಲ್ಲಿ ವಿಭೂತಿ, ತುಟಿಯಲ್ಲಿ ನಗು.

"ಹಚ್ಚಿದ ಕೂಡಲೇ ನಿಮ್ಮ ದರ್ಶನ ಆಗ್ಲಿ ಅಂತ ನಿನ್ನಿ ನಾನಽ ಈ ಚಿತ್ರ ಕೂಡಿಸಿದ್ದೆ, ಅಜ್ಜಾರ."

ಚಿತ್ರ ನಗುತ್ತಲೇ ಇತ್ತು. ಹೊರಗೆ ಪಾರವ್ವ ನರಳಿದ್ದು ಕೇಳಿಸಿತು.

"ನನ್ನ ತೆಗಿಯೋ ಗುಂಡಿ ಐತೇನು?"

"ಐತ್ರಿ. ಆದ್ರ ನಿಮ್ಮನ್ನ ಹೆಂಗ..."

"ಒತ್ತು."

ಶಾಂತವೀರ ಕಣ್ಣು ಮುಚ್ಚಿ ಒತ್ತಿದ.

ಮುಖ ಹೋಯಿತು. ಅದರ ಹಿಂದೆ ಕಪ್ಪು ಪರದೆಯಲ್ಲಿ ಒಂದೇ ಸಾಲು ಇತ್ತು: ಗುಟ್ಟಿನ ಪದ ಬರೆಯಿರಿ. ಅದರ ಮುಂದೆ ಸಣ್ಣ ಗೆರೆಯೊಂದು ಮಿಣುಕುತ್ತಿತ್ತು.

ಅವನು ಬರೆದ. ಗಾಬರಿಗೆ ಕೈ ತಪ್ಪಿತು. ತಪ್ಪು ಎಂದಿತು ಯಂತ್ರ.

"ಉಸಿರು ಬಿಡು. ಮತ್ತ ಬರಿ," ಎಂದರು ಅಜ್ಜನವರು.

ಮತ್ತೆ ಬರೆದ. ಬೀಗ ತೆರೆಯಿತು. ಸಾಲುಸಾಲಾಗಿ ಹೆಸರುಗಳು ಬಂದವು. ಪಾರವ್ವ, ಹೋದ ವಾರ ಎರಡು ಗುಲಗಂಜಿ ತೂಕ. ಅವನು ಅದನ್ನು ಗಟ್ಟಿಯಾಗಿ ಓದಿದ, ಓದುತ್ತಲೇ ಅತ್ತುಬಿಟ್ಟ.

ಅಜ್ಜನವರು ತಕ್ಕಡಿ ಎತ್ತಿಕೊಂಡು ಬಾಗಿಲಿಗೆ ನಡೆದರು.

"ಅಜ್ಜಾರ, ಮೂರು ತಾಸು ಇದರ ಮುಂದ ಕೈ ಮುಗದು ಕುಂತಿದ್ದೆ. ಒಂದ್ ಮಾತಾದ್ರೂ ಆಡಬಾರದಿತ್ತೇನ್ರಿ ಇದು?"

"ಅದು ಆಗಿನಿಂದ ನಿನ್ನ ಕೇಳ್ಕೋತ ಇತ್ತೋ ತಮ್ಮಾ. ನಾ ಅಡ್ಡ ಕುಂತಿದ್ದೆ."