ನೀರಿಗಿಂತ ಮೊದಲು ಮುಟ್ಟಿದ ಆಮೆ

ಅಜ್ಜಂದಿರ ಕಾಲದಲ್ಲೇ ಹೂಳು ತುಂಬಿ ಮುಚ್ಚಿಹೋಗಿದ್ದ ಕಾಲುವೆಯನ್ನು ಸುತ್ತಲಿನ ಪ್ರಾಣಿಗಳೆಲ್ಲ ಸೇರಿ ತೋಡಿದವು. ಕಾಲುವೆಯ ಕಟ್ಟಕಡೆಯ ಗುಂಡಿಯಲ್ಲಿದ್ದ ಮುದಿ ಆಮೆಯೂ ಮೇಲಿನ ತೂಬಿನ ತನಕ ಬಂದು ಮಣ್ಣು ಹೊತ್ತಿತು. ಕೆಲಸ ಮುಗಿದ ದಿನ ಯಜಮಾನ ನೀರುನಾಯಿ ತೂಬು ತೆಗೆಯಿತು.

"ಹಿಂದೆ ಒಂದು ಕಟ್ಟಳೆಯಿತ್ತಪ್ಪ," ಎಂದಿತು ಆಮೆ. "ಕೊನೆಯ ಗುಂಡಿ ತುಂಬುವ ತನಕ ನಡುವೆ ಯಾರೂ ನೀರು ಕಟ್ಟಿಕೊಳ್ಳುವಂತಿರಲಿಲ್ಲ."

"ಈಗ ನೀರು ಧಾರಾಳವಾಗಿದೆ ಅಜ್ಜಿ. ನೀವು ಮನೆ ಸೇರುವಷ್ಟರಲ್ಲಿ ಗುಂಡಿ ತುಂಬಿರುತ್ತದೆ," ಎಂದಿತು ನೀರುನಾಯಿ.

ಆಮೆ ದಂಡೆಯ ಮೇಲೆ ತನ್ನ ನಡಿಗೆಯಲ್ಲೇ ಹೊರಟಿತು. ದಾರಿಯಲ್ಲಿ ಎಮ್ಮೆ ಹೊರಳಾಡಲೆಂದು ಒಡ್ಡು ಹಾಕಿಕೊಂಡಿತ್ತು. ಅದರಾಚೆ ಮೀನು ನಿಲ್ಲಲೆಂದು ಕೊಕ್ಕರೆಯದೂ ಒಂದು. ಕೇಳಿದರೆ ಎರಡೂ, "ನಮ್ಮದೆಷ್ಟು ಮಹಾ ನೀರು?" ಎಂದವು. ಮನೆ ತಲುಪಿದಾಗ ಗುಂಡಿಯಲ್ಲಿ ಧೂಳಿತ್ತು. ಆಮೆ ಸ್ವಲ್ಪ ಕಾದು ನೋಡಿ, ಬಂದ ದಾರಿಯಲ್ಲೇ ತೂಬಿಗೆ ಮರಳಿತು.

ನೀರುನಾಯಿ ನೆಂಟರಿಗೆ ಕಾಲುವೆ ಮರಳಿ ಬದುಕಿದ ಕಥೆ ಹೇಳುತ್ತಿತ್ತು. "ಏನಜ್ಜಿ, ನೀರು ಮುಟ್ಟಿತೆ?"

"ಇಲ್ಲಪ್ಪ. ನಿನ್ನ ನೀರಿಗಿಂತ ನಾನೇ ಮೊದಲು ಮುಟ್ಟಿದೆ."

ದಾರಿಯಲ್ಲಿ ಕಂಡ ಒಡ್ಡುಗಳ ಸುದ್ದಿಯನ್ನು ಆಮೆಯಿಂದ ಕೇಳಿ, ನೀರುನಾಯಿ ಅವನ್ನು ಒಡೆದುಹಾಕಲು ಎದ್ದಿತು. ಮೊದಲು ಎದುರಾದದ್ದು, ತನ್ನ ಮರಿಗಳು ಈಜಲೆಂದು ತೂಬಿನ ಬುಡದಲ್ಲೇ ತಾನು ಕಟ್ಟಿದ್ದ ಒಡ್ಡು.