ಗುಮಾನಿಕಟ್ಟೆ

ಅರಕೇರಿಹಾಳದ ವಿಮಾನ ನಿಲ್ದಾಣದ ಗೋಡೆಗೆ ಹೊರಗಿನಿಂದ ಆತುಕೊಂಡಂತೆ ಒಂದು ಕಲ್ಲುಕಟ್ಟೆ ಇದೆ. ಮೇಲೆ ಸುಣ್ಣ ಬಳಿದ ಐದು ಕಲ್ಲು, ಪಕ್ಕದಲ್ಲಿ ಬನ್ನಿಗಿಡ. ಇದನ್ನು ಗುಮಾನಿಕಟ್ಟೆ ಎನ್ನುತ್ತಾರೆ. ದೇವರಿರುವ ಜಾಗಕ್ಕೆ ಇಂಥ ಹೆಸರೇ ಎಂದು ಮೂಗು ಮುರಿಯುವವರು ದುಂಡವ್ವನ ಕಥೆ ಕೇಳಿದವರಲ್ಲ.

ಹಿಂದೆ ಒಮ್ಮೆ, ದೊಡ್ಡ ಯುದ್ಧದ ಕಾಲದಲ್ಲಿ, ಸರ್ಕಾರ ಇಲ್ಲಿನ ಎರೆಹೊಲಗಳನ್ನು ಹಿಡಿದು ವಿಮಾನ ಇಳಿಯುವ ಹಾದಿ ಮಾಡಿತಂತೆ. ಯುದ್ಧ ಮುಗಿದೊಡನೆ ಹೊಲ ಮರಳಿಸುತ್ತೇವೆ ಎಂದರು. ಊರೆಲ್ಲ ನಂಬಿತು, ಹೊಸದಾಗಿ ಸೊಸೆಯಾಗಿ ಬಂದಿದ್ದ ದುಂಡವ್ವ ನಂಬಲಿಲ್ಲ. ಎಳ್ಳಮಾವಾಸ್ಯೆಯಂದು ಭೂಮಿತಾಯಿಗೆ ಉಣಿಸದಿದ್ದರೆ ಹೊಲವನ್ನು ನಾವೇ ಬಿಟ್ಟುಕೊಟ್ಟಂತೆ ಎಂದು ವರ್ಷವರ್ಷವೂ ಬುಟ್ಟಿ ಹೊತ್ತು ಒಳಗೆ ಹೋಗಿ, ಸಜ್ಜೆ ಕಡುಬು, ಪಲ್ಯ ಕಲಸಿದ ಚರಗವನ್ನು ಆ ಹಾದಿಯ ಮೇಲೇ ಚೆಲ್ಲಿ ಬರುತ್ತಿದ್ದಳು. ಯುದ್ಧ ಮುಗಿಯಿತು, ಸಿಪಾಯಿಗಳು ಹೋದರು, ಹೊಲ ಮಾತ್ರ ಬರಲಿಲ್ಲ. ಜನ ಅಲ್ಲಿ ಮೆಣಸಿನಕಾಯಿ ಒಣಹಾಕಿಕೊಂಡು ಸುಮ್ಮನಾದರು. ಅವಳ ಚರಗ ನಿಲ್ಲಲಿಲ್ಲ.

ಅವಳ ತಲೆ ನೆರೆತ ಮೇಲೆ ಯಾವುದೋ ಕಂಪನಿ ಮತ್ತೆ ವಿಮಾನ ಬಿಡುತ್ತೇನೆಂದು ಬಂತು. ಮನೆಗೊಂದು ನೌಕರಿ ಸಿಗುತ್ತದೆಂದು ಊರಿಗೆ ಸಂಭ್ರಮವೋ ಸಂಭ್ರಮ. ಆದರೆ ಪಂಚಾಂಗ ನೋಡದ ಪುಣ್ಯಾತ್ಮರು ಮೊದಲ ವಿಮಾನವನ್ನು ಎಳ್ಳಮಾವಾಸ್ಯೆಗೇ ಇಟ್ಟರು. ದುಂಡವ್ವ ತಂತಿಬೇಲಿ ನುಸುಳಿ ಚರಗ ಚೆಲ್ಲಿದಳು. ಕಾಗೆ, ಹದ್ದು ಮುತ್ತಿದವು. ವಿಮಾನ ಮೇಲೇ ಸುತ್ತು ಹಾಕಿ, ಇಳಿಯದೆ ಬಂದ ದಾರಿ ಹಿಡಿಯಿತು.

"ಯಾರು ಕಳಿಸ್ಯಾರ ನಿನ್ನ? ಖರೇ ಹೇಳು," ಎಂದು ನಿಲ್ದಾಣದ ಅಧಿಕಾರಿ ಮುತಾಲಿಕರು ಗದರಿದರು.

"ನಿಮ್ಮನ್ನ ಯಾರು ಕಳಿಸ್ಯಾರ್ರೀ, ನನ್ನ ಹೊಲಕ್ಕ?" ಎಂದಳು ದುಂಡವ್ವ.

ಕಂಪನಿ ಹಿಂದೆ ಸರಿಯುವ ಸುದ್ದಿ ಹಬ್ಬಿತು. ಮುದುಕಿ ಬೇಕಂತಲೇ ಮಾಡಿದಳೆಂದು ಊರಿಗೂ ಗುಮಾನಿ. ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸಲಿಲ್ಲ. ಅದು ಅವಳ ಕರುಳಿಗೆ ನಾಟಿತು. ಆಗ ಮುತಾಲಿಕರು, ಹಕ್ಕಿಗಳು ಹೊರಗೇ ಇರಲಿ ಎಂದು, ಬೇಲಿಯ ಜಾಗದಲ್ಲಿ ಏಳಲಿದ್ದ ಗೋಡೆಯಾಚೆ ಕಟ್ಟೆ ಕಟ್ಟಿಸಿಕೊಡಲು ಮುಂದಾದರು. ಹೊಲ ಮರೆಸುವ ಹೂಟವಿದು ಎಂದು ಅವಳಿಗೆ ಅನ್ನಿಸದಿರಲಿಲ್ಲ. "ಆತ್ರೀ. ಆದ್ರ ಒಂದ ತುತ್ತು ಒಳಗ ಒಗೀತೀನಿ," ಎಂದಳು. ಇದರಲ್ಲೇನೋ ಇದೆ ಎಂದು ಅವರಿಗೂ ಅನ್ನಿಸಿತು. ಆದರೂ ಒಪ್ಪಿದರು. ಹೀಗೆ ಎರಡೂ ಕಡೆಯ ಗುಮಾನಿಯ ಮೇಲೆ ಎದ್ದ ಕಟ್ಟೆಗೆ ಆ ಹೆಸರೇ ನಿಂತಿತು ಎನ್ನುತ್ತಾರೆ.

ಆಮೇಲೆ ವಿಮಾನಗಳು ಬಂದವು, ನಿಂತವು, ಮತ್ತೆ ಬಂದವು. ಎಳ್ಳಮಾವಾಸ್ಯೆಗೆ ಹೋದವರಿಗೆ ಇಂದಿಗೂ ಕಾಣುತ್ತದೆ: ಆ ಮನೆತನದ ಹೆಣ್ಣುಮಕ್ಕಳು ಕಟ್ಟೆಗೆ ಚರಗ ಹಾಕಿ, ಕಡೆಯ ತುತ್ತನ್ನು ಗೋಡೆಯಾಚೆ ಎಸೆಯುತ್ತಾರೆ. ಅದು ಬರೀ ಪೂಜೆಯಲ್ಲ, ಹೊಲ ಕೇಳುವ ರೀತಿ ಎಂದು ಕಾವಲಿನವನಿಗೆ ಗೊತ್ತು. ಬುಟ್ಟಿಯನ್ನು ತಳದವರೆಗೆ ತಡಕಿ ನೋಡುತ್ತಾನೆ. ಅವರು ಕೈ ಎತ್ತಿದಾಗ ಮಾತ್ರ ಬೇರೆ ಕಡೆ ನೋಡುತ್ತಾನೆ.