ಎರಡನೇ ತಂತಿ

ಹೊಳೆ ದಡದ ಮನೆಯೊಂದರಲ್ಲಿ ತಿರುನಾರಾಯಣಯ್ಯಂಗಾರ್ ಎಂಬ ಪಿಟೀಲು ಮೇಷ್ಟ್ರಿದ್ದರು. ವಯಸ್ಸಾಗಿ ಕೈ ನಡುಗುತ್ತಿತ್ತು, ಕಮಾನು ನಿಲ್ಲುತ್ತಿರಲಿಲ್ಲ. ಬಾಯಲ್ಲೇ ಹಾಡಿ ಪಾಠ ಹೇಳುತ್ತಿದ್ದರು.

ಜನ್ಮವೆಲ್ಲ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು. ಪತ್ರಿಕೆಯವರು ಗಾಯಕರನ್ನು ಮಾರುದ್ದ ಹೊಗಳಿ, ಕೊನೆಗೆ 'ಪಿಟೀಲು ಹಿತವಾಗಿತ್ತು' ಎಂದು ಕೈತೊಳೆದುಕೊಳ್ಳುತ್ತಿದ್ದರು.

ಶಿಷ್ಯೆ ಶಾಂಭವಿಗೆ ಇದರಿಂದ ಹೊಟ್ಟೆ ಉರಿಯುತ್ತಿತ್ತು. ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಅವಳು ಮೇಷ್ಟ್ರ ಮೇಲೆ ಲೇಖನ ಬರೆದಳು. ಮೇಷ್ಟ್ರು ಆಗಾಗ ಹೇಳುತ್ತಿದ್ದ ಕಥೆಯನ್ನೂ ಸೇರಿಸಿದಳು. ಕಚೇರಿಯ ನಡುವೆ ಪಿಟೀಲಿನ ಮೊದಲನೇ ತಂತಿ ಕಿತ್ತುಹೋದರೂ, ಗಾಯಕರಿಗೆ ಗೊತ್ತೇ ಆಗದ ಹಾಗೆ ಉಳಿದ ತಂತಿಗಳಲ್ಲಿ ರಾಗ ಮುಗಿಸಿದ ಒಬ್ಬ ಹುಡುಗನ ಕಥೆ. ಆ ಹುಡುಗ ಇವರೇ ಎಂದು ಬರೆದಳು.

ಒಂದು ದಿನ ಮುಖ ಊದಿಸಿಕೊಂಡು ಪಾಠಕ್ಕೆ ಬಂದಳು.

"ಮೇಷ್ಟ್ರೇ, ನಿಮ್ಮ ಲೇಖನ ಅಳಿಸ್ತಾರಂತೆ."

"ಯಾರಮ್ಮ?"

"ಅಲ್ಲಿನ ಸಂಪಾದಕರು. ಚರ್ಚೆ ನಡೀತಿದೆ. 'ಹೊಂಗೆ' ಅಂತ ಹೆಸರಿಟ್ಕೊಂಡಿರೋರು ಒಬ್ಬರಂತೂ ಬೆನ್ನು ಬಿಡ್ತಿಲ್ಲ. ತಂತಿ ಕಿತ್ತುಹೋದದ್ದಕ್ಕೆ ಆಧಾರ ಏನು ಅಂತಾರೆ. ಗುರುಗಳ ಬಾಯಿಂದಲೇ ಕೇಳಿದ್ದು ಅಂದೆ. ಶಿಷ್ಯರು ಕೇಳಿದ್ದು ಆಧಾರ ಆಗಲ್ಲ ಅಂದ್ರು."

"ಆಮೇಲೆ?"

"ನಿಮ್ಮ ಹತ್ರ ಕಲಿಯೋರನ್ನೆಲ್ಲ ಕರ್ಕೊಂಡು ಹೋಗಿ 'ಹೌದು, ನಾವೂ ಕೇಳಿದ್ದೀವಿ' ಅಂತ ಬರೆಸಿದೆ."

ಮೇಷ್ಟ್ರು ನಕ್ಕರು. "ದಂಡು ಕಟ್ಕೊಂಡು ಹೋದೆ ಅನ್ನು. ಅದಕ್ಕೆ ಏನಂದ್ರು?"

"'ಇಷ್ಟು ಜನವೂ ಕೇಳಿರೋದು ಒಂದೇ ಬಾಯಿಂದ. ಆ ಬಾಯನ್ನೇ ಇನ್ನೊಂದು ಸಲ ಕೇಳಿ ನೋಡಿ' ಅಂದ್ರು. ಎಷ್ಟು ಕೊಬ್ಬು ನೋಡಿ!"

"ಸರಿ, ಕೇಳು ಮತ್ತೆ."

ಶಾಂಭವಿಗೆ ಮುಜುಗರವಾಯಿತು.

"ಏನಂತ ಕೇಳ್ಲಿ? ಆ ಹುಡುಗ ನೀವೇ ತಾನೆ?"

"ಅಲ್ಲ."

ಅವಳು ಪಿಟೀಲಿನ ಪೆಟ್ಟಿಗೆಯನ್ನು ಕೆಳಗಿಟ್ಟು ಹತ್ತಿರ ಬಂದು ಕೂತಳು.

"ಅವನು ಪಾಪಣ್ಣ ಅಂತ. ನನ್ನ ಜೊತೆ ಕಲಿತವನು. ಮೀಸೆ ಬಲಿಯೋ ಮುಂಚೆ ಜ್ವರ ಬಂದು ಹೋಗಿಬಿಟ್ಟ. ಹೆಸರು ಹೇಳೋಕೆ ಹೋದ್ರೆ ಈಗಲೂ ನನಗೆ ಗಂಟಲು ಕಟ್ಟುತ್ತೆ. ಅದಕ್ಕೆ 'ಒಬ್ಬ ಹುಡುಗ' ಅಂತಿದ್ದೆ."

"ನಿಮ್ಮ ಸಂಕೋಚ ಅಂದ್ಕೊಂಡ್ವಿ ಮೇಷ್ಟ್ರೇ."

"ಅವನದು ಅಂತ ಇದ್ದದ್ದು ಅದೊಂದೇ ಕಚೇರಿ ಮಗು. ಅದನ್ನೂ ನೀನು ನನಗೆ ಕೊಟ್ಟುಬಿಟ್ಟೆ."

ಶಾಂಭವಿ ತಲೆ ತಗ್ಗಿಸಿದಳು. ಆದರೂ ಮನಸ್ಸು ಒಪ್ಪಲಿಲ್ಲ.

"ಆ ಸಾಲು ತೆಗೆದ್ರೆ ಲೇಖನದಲ್ಲಿ ಮತ್ತೇನೂ ಉಳಿಯಲ್ಲ. ಅಳಿಸೇ ಬಿಡ್ತಾರೆ. ನಿಮ್ಮ ಹೆಸರು ಎಲ್ಲೂ ಇರಲ್ಲ."

ಮೇಷ್ಟ್ರು ಹೊಳೆಯ ಕಡೆ ನೋಡುತ್ತಾ ಕೂತರು.

ಅವಳು ಅಲ್ಲೇ ಫೋನ್ ತೆಗೆದಳು. 'ನಾನು ಬರೆದದ್ದು ತಪ್ಪು. ಆ ಹುಡುಗ ನಮ್ಮ ಗುರುಗಳಲ್ಲ' ಎಂದು ಚರ್ಚೆಯ ಪುಟದಲ್ಲಿ ಬರೆದು, ಲೇಖನದ ಆ ಸಾಲನ್ನು ತಾನೇ ಅಳಿಸಿದಳು. ಅಳಿಸುವಾಗ ಕಣ್ಣಲ್ಲಿ ನೀರು ಬಂತು.

ಮುಂದಿನ ಪಾಠಕ್ಕೆ ಬರುವಷ್ಟರಲ್ಲಿ ಲೇಖನ ಹೋಗಿತ್ತು. ಹೊಂಗೆಯವರು 'ನಿಮ್ಮಷ್ಟು ಪ್ರಾಮಾಣಿಕರು ಇಲ್ಲಿ ಅಪರೂಪ' ಎಂದು ಅವಳಿಗೊಂದು ಸಾಲು ಬರೆದಿದ್ದರು. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

"ಪಾಪಣ್ಣನವರ ಹೆಸರೂ ಹುಡುಕಿದೆ ಮೇಷ್ಟ್ರೇ. ಎಲ್ಲೂ ಇಲ್ಲ. ಅವರು ನುಡಿಸಿದ್ದಕ್ಕೆ ಒಂದು ಗುರುತೂ ಉಳಿದಿಲ್ಲ."

"ಪಿಟೀಲು ತೆಗಿ."

ಅವಳು ನುಡಿಸತೊಡಗಿದಳು. ರಾಗ ಮೇಲಕ್ಕೇರಿದಾಗ, ಮೇಷ್ಟ್ರು ಕಲಿಸಿದ್ದ ಹಾಗೆ, ಎರಡನೇ ತಂತಿಯ ಮೇಲೇ ಬೆರಳನ್ನು ಉದ್ದಕ್ಕೂ ಜಾರಿಸಿ ಮೇಲಿನ ಷಡ್ಜ ಮುಟ್ಟಿದಳು. ಪಕ್ಕದ ಮೊದಲನೇ ತಂತಿಯಲ್ಲಿ ಆ ಸ್ವರ ಕೈಗೆಟುಕುವ ಹಾಗೇ ಇತ್ತು. ಇದನ್ನು ಕಂಡು ಬೇರೆ ಮೇಷ್ಟ್ರುಗಳ ಶಿಷ್ಯರು, ಬಾಗಿಲು ಬಿಟ್ಟು ಗೋಡೆ ಹತ್ತುತ್ತಾರೆ ಎಂದು ಆಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಎಂದು ಅವಳು ಹಿಂದೆಯೂ ಕೇಳಿದ್ದಳು. ಮೇಷ್ಟ್ರು ಉತ್ತರ ಹೇಳಿರಲಿಲ್ಲ.

ಈಗ ಕಮಾನು ನಿಲ್ಲಿಸಿ ಮತ್ತೆ ಕೇಳಿದಳು.

"ಮೇಷ್ಟ್ರೇ, ಇಲ್ಲಿ ನಾವು ಮೊದಲನೇ ತಂತಿಗೆ ಯಾಕೆ ಹೋಗಲ್ಲ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು.

"ಪಾಪಣ್ಣನಿಗೆ ಆ ತಂತಿ ಇರಲಿಲ್ಲವಲ್ಲಮ್ಮ."